ಮೊದಲ ಮೊಟ್ಟೆಯವರೆಗೆ

ಸೆಲ್ಸೊನನ್ನು ನಾನು ಮೊದಲ ಸಲ ನೋಡಿದ್ದು ಜಗಳಕ್ಕೆ ಹೋದಾಗ. ಕಂಕುಳಲ್ಲಿ ಬಿದಿರಿನ ಬುಟ್ಟಿ, ಬುಟ್ಟಿಯಲ್ಲಿ ಹದಿನೈದು ದಿನದ ಮೂರು ಬಾತುಮರಿ. ಮೂರಕ್ಕೂ ಕಾಲು ಸೊಟ್ಟ. ನಿಲ್ಲಲು ಹೋದರೆ ಕಾಲುಗಳು ಹೊರಕ್ಕೆ ಬಾಗಿ, ಧೊಪ್ಪನೆ ಕುಳಿತುಬಿಡುತ್ತಿದ್ದವು.

ಮಾರ್ಕೆಟ್ ಬೀದಿಯ ಫೀಡ್ ಅಂಗಡಿಯಲ್ಲಿ ಎತ್ತರದ, ತೆಳ್ಳಗಿನ ಹೊಸಬನೊಬ್ಬ ಮೂಟೆ ಜೋಡಿಸುತ್ತಿದ್ದ. ನಾನು ಬುಟ್ಟಿಯನ್ನು ಅವನ ಮುಂದಿನ ಮೇಜಿನ ಮೇಲೆ ಕುಕ್ಕಿದೆ.

"ನೋಡಿ, ನಿಮ್ಮಂಗಡಿ ಫೀಡ್ ತಿಂದು ಹೀಗಾಗಿವೆ. ಮನೇಲಿ ಇನ್ನೂ ಮೂವತ್ತೇಳಿವೆ. ಅವೂ ಕೂತ್ಬಿಟ್ರೆ ನೀವು ಬಂದು ಎತ್ಕೊಂಡು ಓಡಾಡಿಸ್ತೀರಾ?"

ಅವನು ನನ್ನ ಮುಖ ನೋಡಲಿಲ್ಲ. ಒಂದು ಮರಿಯನ್ನು ಅಂಗೈಯಲ್ಲಿ ಎತ್ತಿಕೊಂಡು, ಅದರ ಕಾಲನ್ನು ಎರಡು ಬೆರಳುಗಳ ನಡುವೆ ಮೆತ್ತಗೆ ನೀವಿದ.

"ಏನು ಹಾಕ್ತಿದ್ರಿ?"

"ಕೋಳಿಮರಿ ಫೀಡು. ಬಾತುಮರಿಗೆ ಅಂತ ಹೇಳಿಯೇ ತಗೊಂಡೆ. ಮರಿ ಅಂದ್ರೆ ಮರಿ, ಎಲ್ಲಾ ಒಂದೇ ಅಂದ್ರು."

"ಒಂದೇ ಅಲ್ಲ. ಬಾತುಮರಿ ಕೋಳಿಮರಿಗಿಂತ ಬೇಗ ಬೆಳೆಯುತ್ತೆ. ಕಾಲಿಗೆ ಬೇಕಾದ ವಿಟಮಿನ್ ಆ ಫೀಡಲ್ಲಿ ಸಾಲಲ್ಲ. ತಪ್ಪಾಯ್ತು, ಕ್ಷಮಿಸಿ."

ದಾರಿಯುದ್ದಕ್ಕೂ ನಾನು ಹತ್ತು ಮಾತು ಮಸೆದುಕೊಂಡು ಬಂದಿದ್ದೆ. ಎದುರಿನವನು ಹೀಗೆ ಮೊದಲ ಮಾತಿಗೇ ತಪ್ಪು ಒಪ್ಪಿಕೊಂಡುಬಿಟ್ಟರೆ ಆ ಹತ್ತನ್ನು ಎಲ್ಲಿ ಸುರಿಯುವುದು? ಅವನು ಒಳಗಿನಿಂದ ಯೀಸ್ಟ್ ಪೊಟ್ಟಣ ತಂದುಕೊಟ್ಟ.

"ದಿನಾ ಮೇವಿಗೆ ಇದನ್ನ ಕಲಸಿ. ನುಚ್ಚಿನ ಗಂಜಿ, ಸಣ್ಣ ಸೀಗಡಿ ಕೊಡಿ. ನೀರಿನ ಪಾತ್ರೆ ಸ್ವಲ್ಪ ಆಳ ಇರ್ಲಿ, ಮೂಗು ತೊಳ್ಕೊಳ್ಳೋಷ್ಟು."

"ನಾನು ಹುಟ್ಟಿದ್ದೇ ಬಾತುಗಳ ಮಧ್ಯೆ. ನೀರಿನ ಪಾಠ ಬೇಡ."

ಆಗ ತಲೆ ಎತ್ತಿದ. ನಗು ತುಟಿಗೆ ಬರುವ ಮೊದಲೇ ಅವನ ಕಣ್ಣಿಗೆ ಬಂದಿತ್ತು. ನಾನು ಬುಟ್ಟಿ ಎತ್ತಿಕೊಂಡು ಹೊರಟುಬಿಟ್ಟೆ.

ನಿಜ ಹೇಳಬೇಕೆಂದರೆ ತಪ್ಪು ನನ್ನದೂ ಇತ್ತು. ಅಪ್ಪ ಇದ್ದಾಗ ನಮ್ಮ ಮನೆಯ ಮರಿಗಳು ಊರ ಪಕ್ಕದ ಸರೋವರದ ಸೀಗಡಿ ತಿಂದೇ ಬೆಳೆದವು. ಆ ವರ್ಷ ಬುಟ್ಟಿ ಹಿಡಿದು ದಡಕ್ಕೆ ಹೋಗಲು ನನಗೆ ಬೇಸರ. ಮೂಟೆ ಬಿಚ್ಚಿ ಸುರಿಯುವುದು ಸಲೀಸು. ನನ್ನ ಸ್ವಭಾವವೇ ಅಂಥದು, ಯಾವುದೂ ಬೇಗ ಆಗಬೇಕು.

ಮೂರನೆಯ ದಿನ, ಅಂಗಡಿ ತೆರೆಯುವ ಹೊತ್ತಿಗೂ ಮೊದಲು, ಸೆಲ್ಸೊ ನಮ್ಮ ಹಿತ್ತಲ ಬೇಲಿಯ ಬಳಿ ನಿಂತಿದ್ದ. ಕೈಯಲ್ಲಿ ನೀರಂಚಿನಲ್ಲಿ ಬೆಳೆಯುವ ಕಾಂಗ್‌ಕೋಂಗ್ ಸೊಪ್ಪಿನ ಒಂದು ಕಟ್ಟು.

"ಮರಿಗಳ ಕಾಲು ಹೇಗಿದೆ ನೋಡೋಣ ಅಂತ..."

"ಎಲ್ಲಾ ಗಿರಾಕಿ ಮನೆಗೂ ಹೀಗೇ ಹೋಗ್ತೀರಾ?"

"ಬುಟ್ಟಿ ಕುಕ್ಕಿದವರ ಮನೆಗೆ ಮಾತ್ರ."

ಅಷ್ಟರಲ್ಲಿ ನನಗೆ ಪಕ್ಕದ ಮನೆಯ ಚೋಲೆಂಗಳಿಂದ ಗೊತ್ತಾಗಿತ್ತು: ನಾನು ಜಗಳಕ್ಕೆ ಹೋದ ದಿನ ಅವನು ಆ ಅಂಗಡಿಗೆ ಸೇರಿ ಎರಡೇ ದಿನ. ಫೀಡ್ ಮಾರಿದವನು ಬೇರೆಯವನು.

"ಮತ್ತೆ ಯಾಕೆ ಕ್ಷಮೆ ಕೇಳಿದ್ರಿ? ನಾನಲ್ಲ ಅನ್ನಬಹುದಿತ್ತಲ್ಲ?"

"ಅಂದಿದ್ರೆ ಮರಿ ಕಾಲು ನೆಟ್ಟಗಾಗ್ತಿತ್ತಾ?"

ಕಾಲುಗಳು ಹತ್ತು ಹನ್ನೆರಡು ದಿನದಲ್ಲಿ ನೆಟ್ಟಗಾದವು. ಅವನು ಬರುವುದು ಮಾತ್ರ ನಿಲ್ಲಲಿಲ್ಲ. ಬೆಳಗಿನ ಆರು ಗಂಟೆಗೆ ಬೇಲಿ ಕಿರ್ರೆನ್ನುತ್ತಿತ್ತು, ನನ್ನ ಕೈ ತಲೆಗೂದಲಿಗೆ ಹೋಗುತ್ತಿತ್ತು. ಹಾಳಾದವನು ನನ್ನ ಜೊತೆ ಮಾತಾಡುವಾಗ ಬಾತುಗಳನ್ನು ನೋಡುತ್ತಿದ್ದ, ಬಾತುಗಳ ಜೊತೆ ಮಾತಾಡುವಾಗ ನನ್ನನ್ನು ನೋಡುತ್ತಿದ್ದ.

ಅಮ್ಮ ಇದನ್ನೆಲ್ಲ ಹಿತ್ತಲ ಮೆಟ್ಟಿಲ ಮೇಲೆ ಕಾಫಿ ಲೋಟ ಹಿಡಿದು ನೋಡುತ್ತಿದ್ದಳು. ನಮ್ಮ ಕಡೆ ಹಿರಿಯ ಹೆಂಗಸರ ಹೆಸರಿಗೆ ಗೌರವಕ್ಕೆ ಆಲಿಂಗ್ ಸೇರಿಸುತ್ತಾರೆ; ನಮ್ಮಮ್ಮ ಆಲಿಂಗ್ ಸಿದ್ರಾ ಎಂದರೆ ಓಣಿಯೇ ಒಂದು ಹೆಜ್ಜೆ ಹಿಂದೆ ಸರಿಯುತ್ತಿತ್ತು. ಒಂದು ಬೆಳಿಗ್ಗೆ ಅವಳು ಲೋಟ ಕೆಳಗಿಟ್ಟಳು.

"ಏನಪ್ಪಾ, ನೀನು ಬರೋದು ಬಾತು ನೋಡೋಕೋ, ಬಾತು ಸಾಕೋಳನ್ನ ನೋಡೋಕೋ?"

ಸೆಲ್ಸೊ ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟು ನೆಟ್ಟಗೆ ನಿಂತ.

"ಶುರುವಾಗಿದ್ದು ಬಾತಿಗೆ ಅಂತಾನೇ, ಆಲಿಂಗ್ ಸಿದ್ರಾ. ಈಗಲೂ ಅದೇ ಅಂದ್ರೆ ಸುಳ್ಳಾಗುತ್ತೆ."

ನಾನು ನೀರಿನ ಬಕೆಟ್ ಬಗ್ಗಿಸುತ್ತಿದ್ದೆ. ಅರ್ಧ ನೀರು ನನ್ನ ಕಾಲ ಮೇಲೇ ಹೋಯಿತು.

ಹುಡುಗಿಯನ್ನು ಕೇಳುವ ಗಂಡು ಅವಳ ಮನೆಯಲ್ಲಿ ಒಂದಷ್ಟು ಕಾಲ ಚಾಕರಿ ಮಾಡಬೇಕು ಎನ್ನುವುದು ನಮ್ಮ ಕಡೆಯ ಹಳೆಯ ಪದ್ಧತಿ. ನೀರು ಹೊರಬೇಕು, ಸೌದೆ ಒಡೆಯಬೇಕು, ಹುಡುಗಿಯ ಬಾಯಿಂದ ಒಂದು ಮಾತಿಗೂ ಆಸೆಪಡಬಾರದು. ಈಗ ಓಣಿಯಲ್ಲಿ ಅದನ್ನು ಯಾರೂ ಇಟ್ಟುಕೊಂಡಿಲ್ಲ. ಅಮ್ಮ ಬಿಡುವವಳಲ್ಲ.

"ಇವಳಪ್ಪ ಒಂಬತ್ತು ತಿಂಗಳು ನೀರು ಹೊತ್ತರು. ಈಗ ನಲ್ಲಿ ಬಂದಿದೆ, ಗ್ಯಾಸ್ ಬಂದಿದೆ, ನಿನಗೆ ಹೊರೋಕೇನಿದೆ? ಈ ನಲವತ್ತು ಮರಿ ನಿಂದು. ಅವುಗಳ ಹೊಟ್ಟೆ ನಿಂದು, ಜೀವ ನಿಂದು. ಯಾವತ್ತು ಇದರಲ್ಲೊಂದು ಮೊದಲ ಮೊಟ್ಟೆ ಇಡುತ್ತೋ ಅವತ್ತು ನಿಮ್ಮ ದೊಡ್ಡೋರನ್ನ ಕರ್ಕೊಂಡು ಬಾ, ಉತ್ತರ ಸಿಗುತ್ತೆ. ನಿನ್ನ ಕೈತಪ್ಪಿಂದ ಒಂದು ಸತ್ರೂ ಬಂದ ದಾರೀಲೇ ಹೋಗ್ತಿರು."

"ಆಗ್ಲಿ," ಎಂದ ಸೆಲ್ಸೊ.

"ಏ ದೆಲ್ಫಿನಾ, ನಿನಗೂ ಹೇಳ್ತಿದೀನಿ. ಅಲ್ಲೀವರೆಗೂ ಹೂಂ ಅನ್ನಬಾರದು, ಊಹೂಂ ಅನ್ನಬಾರದು. ಈ ಮರಿಗಳ ಮೇವಿಗೆ ಕೈ ಹಾಕಬಾರದು. ಹಾಕಿದ್ರೆ ಸಾಕಿದ್ದು ಅವನೋ ನೀನೋ ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

ನಮ್ಮ ಬಾತುಗಳು ಮೊಟ್ಟೆಗೆ ಬರಲು ಐದು ತಿಂಗಳು ಬೇಕು. ಮರಿಗಳಿಗೆ ಆಗ ಇನ್ನೂ ಒಂದು ತಿಂಗಳು.

ಮೊಟ್ಟೆ ಇಡುವ ಹನ್ನೆರಡು ಬಾತುಗಳು ಬೇಲಿಯಾಚೆ ಬೇರೆಯೇ ಇದ್ದವು, ಅವು ನನ್ನ ಪಾಲಿಗೆ. ಅವಕ್ಕೆ ದಿನವೂ ಸರೋವರದ ಬಸವನಹುಳುವನ್ನು ಚಿಪ್ಪು ಸಮೇತ ಜಜ್ಜಿ, ಸೀಗಡಿ ತಲೆ ಸೇರಿಸಿ ಹಾಕುತ್ತಿದ್ದೆ. ಹಾಗೆ ಹಾಕಿದರೆ ಮೊಟ್ಟೆಯ ಸಿಪ್ಪೆ ಗಟ್ಟಿ, ಒಳಗೆ ಮರಿ ಕಟ್ಟುತ್ತಿರುವ ಮೊಟ್ಟೆ ಬೇಯಿಸಿ ಬಲೂಟ್ ಮಾಡಿ ಮಾರುವವರು ಕಣ್ಣು ಮುಚ್ಚಿ ಕೊಳ್ಳುತ್ತಾರೆ. ಸೆಲ್ಸೊ ತನ್ನ ಮರಿಗಳಿಗೆ ಮಾಡಿದ್ದು ಇದರ ತಿರುಗಾಮುರುಗಾ. ಎರಡು ತಿಂಗಳು ತುಂಬುತ್ತಿದ್ದಂತೆ ಸೀಗಡಿ ಕಡಿಮೆ ಮಾಡಿದ. ಒಂದೇ ದಿನ ನಿಲ್ಲಿಸಲಿಲ್ಲ, ವಾರವಿಡೀ ಚೂರುಚೂರೇ ಇಳಿಸಿ, ತೌಡು, ನುಚ್ಚು, ಹೆಚ್ಚಿದ ಸೊಪ್ಪಿಗೆ ತಂದು ನಿಲ್ಲಿಸಿದ. ಚಿಪ್ಪಂತೂ ಸೋಕಿಸಲಿಲ್ಲ.

ಚೋಲೆಂಗ್ ಬೇಲಿಯ ಮೇಲೆ ಮೊಣಕೈ ಊರಿ ಕಿಚಾಯಿಸುತ್ತಿದ್ದಳು. "ಏನು ಸೆಲ್ಸೊ, ಈಸ್ಟರ್ ಕಳೆದು ಎಷ್ಟು ದಿನ ಆಯ್ತು, ನಿನ್ನ ಬಾತುಗಳ ಉಪವಾಸ ಇನ್ನೂ ಮುಗೀಲಿಲ್ವಾ? ನಮ್ಮವು ನೋಡು, ಸೀಗಡಿ ಹೊಡೆದು ಹೊಡೆದು ನಾಲ್ಕೇ ತಿಂಗಳಿಗೆ ಮೊಟ್ಟೆ ಇಟ್ಟವು."

"ಮೈ ಮೊದಲು ಬಲೀಲಿ, ಆಲಿಂಗ್ ಚೋಲೆಂಗ್. ಒಳಗೆ ಜಾಗ ಆಗೋ ಮುಂಚೆ ಮೊಟ್ಟೆ ಬಂದ್ರೆ ಹೊರಗೆ ಬರೋಕೆ ದಾರಿ ಇರಲ್ಲ. ಅಲ್ಲೇ ಸಿಕ್ಕೊಳ್ಳುತ್ತೆ."

ಅಪ್ಪನ ಕಾಲದ ಐದು ಮುದಿ ಬಾತುಗಳೂ ಇದ್ದವು. ಮೊಟ್ಟೆ ನಿಲ್ಲಿಸಿ ವರ್ಷಗಳಾಗಿದ್ದವು. ಅಮ್ಮ ಅವನ್ನು ಸಾರಿಗೆ ಹಾಕುತ್ತೇನೆಂದು ಪ್ರತಿ ಕ್ರಿಸ್‌ಮಸ್‌ಗೂ ಹೇಳಿ ಸುಮ್ಮನಾಗುತ್ತಿದ್ದಳು. ಯಾರೂ ಹೇಳದೆಯೇ ಸೆಲ್ಸೊ ಅವಕ್ಕೂ ಬೇರೆ ತಟ್ಟೆ ಇಟ್ಟ. ಕಾಳು ಕಡಿಮೆ, ಸೊಪ್ಪು ಜಾಸ್ತಿ. ಗರಿ ಉದುರಿಸುವ ತಿಂಗಳಲ್ಲಿ ಮಾತ್ರ, ಹೊಸ ಗರಿ ಮೂಡಲಿ ಎಂದು ಸ್ವಲ್ಪ ಮೀನು. "ಇವಕ್ಕೆ ಕೊಬ್ಬು ಏರಿದ್ರೆ ಕಾಲು ತಡೆಯಲ್ಲ," ಎನ್ನುತ್ತಿದ್ದ. ಅದನ್ನು ನೋಡಿದ ಮಾರನೆಯ ದಿನದಿಂದ ಅಮ್ಮ ಅವನ ಕಾಫಿಯ ಜೊತೆ ಬ್ರೆಡ್ಡು, ಹುರಿದ ಒಣಮೀನು ಇಡತೊಡಗಿದಳು.

ನನ್ನ ಜಾಗ ಅಡುಗೆಮನೆಯ ಕಿಟಕಿ. ಮಾತಾಡಬಾರದೆಂದು ಅಮ್ಮ ಹೇಳಿರಲಿಲ್ಲ, ಆದರೂ ನೇರವಾಗಿ ಮಾತಾಡಲು ಇಬ್ಬರಿಗೂ ಸಂಕೋಚ. ಕಾಲು ನೆಟ್ಟಗಾದ ಮೂರರಲ್ಲಿ ಒಂದು ಅವನನ್ನು ಬಿಟ್ಟು ಹೋಗುತ್ತಲೇ ಇರಲಿಲ್ಲ. ಅದನ್ನು ಕುಂಟಿ ಎಂದು ಕರೆಯುತ್ತಿದ್ದ.

"ಕುಂಟೀ, ಇವತ್ತು ಕಿಟಕೀಲಿ ನೀಲಿ ಅಂಗಿ, ನೋಡಿದ್ಯಾ?"

ನಾನು ಕೈಯಲ್ಲಿದ್ದ ಮೀನಿಗೆ ಹೇಳಿದೆ. "ಕೆಲಸಕ್ಕೆ ಬಂದೋರು ಕೆಲಸ ನೋಡ್ಕೋಬೇಕು, ಅಲ್ವಾ ಮೀನೇ?"

"ಕೆಲಸಾನೇ ನೋಡ್ತಿದೀವಿ ಅಂತ ಹೇಳು, ಕುಂಟಿ. ಕೆಲಸ ಕಿಟಕೀಲಿ ನಿಂತಿದ್ರೆ ಏನು ಮಾಡೋದು?"

ಮೀನಿನ ಬದಲು ನನ್ನ ಬೆರಳು ಕತ್ತರಿಸಿಕೊಂಡೆ. ಅವನಿಗೆ ಹೇಳಲಿಲ್ಲ.

ಹೀಗೆ ದಿನಗಳು ಹೋದವು. ಬಾತುಗಳು ಉದ್ದುದ್ದ ಬೆಳೆದು, ತೆಳ್ಳಗೆ, ಚುರುಕಾಗಿ ಓಡಾಡಿಕೊಂಡಿದ್ದವು. ಮೂರೂವರೆ ತಿಂಗಳಾದಾಗ ಒಂದು ಬೆಳಿಗ್ಗೆ ನನ್ನ ನಾಲಿಗೆ ತಡೆಯಲಿಲ್ಲ. ಕಿಟಕಿಯಿಂದಲೇ ನೇರವಾಗಿ ಕೇಳಿದೆ.

"ಇನ್ನೂ ಎಷ್ಟು ದಿನ?"

"ಆರು ವಾರ. ಏಳೂ ಆಗಬಹುದು. ಅವಸರ ಇಲ್ಲ."

ಅವಸರ ಇಲ್ಲ! ಎಷ್ಟು ನಿರಾಳವಾಗಿ ಅಂದ! ಆ ಮಾತು ಇಡೀ ದಿನ ನನ್ನನ್ನು ಕೊರೆಯಿತು. ಬೇಲಿ ಕಿರ್ರೆಂದರೆ ನನಗೆ ಎದೆ ಬಡಿದುಕೊಳ್ಳುತ್ತದೆ, ಭಾನುವಾರ ಅವನು ಚರ್ಚಿನಲ್ಲಿ ಎರಡು ಬೆಂಚು ಹಿಂದೆ ಕೂತರೆ ನನಗೆ ಪಾದ್ರಿಯ ಒಂದು ಮಾತೂ ಕೇಳುವುದಿಲ್ಲ. ಇವನಿಗೆ ಅವಸರ ಇಲ್ಲ. ಬಹುಶಃ ಇವನಿಗೆ ಬೇಕಾಗಿರುವುದು ಬಾತುಗಳೇ ಇರಬೇಕು ಅನ್ನಿಸಿತು. ಅಳು ಬಂತು, ಆಮೇಲೆ ಸಿಟ್ಟು ಬಂತು.

ಮಾರನೆಯ ಮಧ್ಯಾಹ್ನ ಅಮ್ಮ ಮಲಗಿದ್ದಳು, ಅವನು ಅಂಗಡಿಯಲ್ಲಿದ್ದ. ನಾನು ನನ್ನ ಬಾತುಗಳ ಪಾಲಿನಿಂದ ಜಜ್ಜಿದ ಬಸವನಹುಳು, ಸೀಗಡಿ ತಲೆ ಒಂದು ಬೊಗಸೆ ತಂದು ಅವನ ಬಾತುಗಳಿಗೆ ಸುರಿದೆ. ಅವು ಒಂದರ ಮೇಲೊಂದು ಬಿದ್ದು ತಿಂದವು. ಮರುದಿನ ಎರಡು ಬೊಗಸೆ. ಆಮೇಲೆ ಬೋಗುಣಿ ತುಂಬ.

ಗೊತ್ತಿರಲಿಲ್ಲ ಎನ್ನುವಂತಿಲ್ಲ. ನನಗೆ ಎಲ್ಲ ಗೊತ್ತಿತ್ತು. ಒಂದು ಮೊಟ್ಟೆ ಬೇಗ ಬಂದರೆ ಏನಾಗಿಬಿಡುತ್ತದೆ, ಒಂದೇ ಒಂದು ಸಾಕು ಎಂದುಕೊಂಡೆ.

"ಯಾಕೋ ಬೇಗ ಮೈ ತುಂಬ್ಕೋತಿವೆ," ಎಂದು ಸೆಲ್ಸೊ ತಲೆ ಕೆರೆದುಕೊಂಡು ತೌಡನ್ನು ಇನ್ನಷ್ಟು ಕಡಿಮೆ ಮಾಡಿದ. ಅವನು ಬೆಳಿಗ್ಗೆ ಕಳೆದದ್ದನ್ನು ನಾನು ಮಧ್ಯಾಹ್ನ ಕೂಡಿಸುತ್ತಿದ್ದೆ.

ಮೂರನೆಯ ವಾರದ ಒಂದು ಬೆಳಿಗ್ಗೆ ಕುಂಟಿ ಅವನ ಹತ್ತಿರ ಓಡಿಬರಲಿಲ್ಲ. ಮೂಲೆಯಲ್ಲಿ ಬಾಲ ಇಳಿಬಿಟ್ಟು, ತಿಣುಕುತ್ತ ಕುಳಿತಿತ್ತು. ಸೆಲ್ಸೊ ಅದನ್ನು ಬೆಚ್ಚಗಿನ ನೀರಿನಲ್ಲಿ ಕೂರಿಸಿದ, ಎಣ್ಣೆ ಹಚ್ಚಿದ, ಹೊಟ್ಟೆಯನ್ನು ಅಂಗೈಯಿಂದ ಮೆಲ್ಲಗೆ ನೀವಿದ. ಅಂಗಡಿಗೆ ಹೊತ್ತಾದರೂ ಏಳಲಿಲ್ಲ. ಒಂದು ಗಂಟೆಯ ಮೇಲೆ ಅದು ಅವನ ಮಡಿಲಲ್ಲೇ ಕತ್ತು ಚೆಲ್ಲಿತು. ಮೊಟ್ಟೆ ಒಳಗೇ ಸಿಕ್ಕಿಕೊಂಡಿತ್ತು.

ನೆಲದ ಹುಲ್ಲಿನಲ್ಲಿ ಸಿಪ್ಪೆಯೇ ಗಟ್ಟಿಯಾಗದ, ಮೆತ್ತನೆಯ ಎರಡು ಮೊಟ್ಟೆಗಳು ಒಡೆದು ಬಿದ್ದಿದ್ದವು. ನೀರಿನ ತೊಟ್ಟಿಯ ಹಿಂದೆ ಬಸವನಹುಳುವಿನ ಚಿಪ್ಪಿನ ಚೂರುಗಳು. ಸೆಲ್ಸೊ ಒಂದು ಚೂರನ್ನು ಎತ್ತಿ ನೋಡಿದ. ಅವನ ಕಣ್ಣು ನನ್ನ ಕೈಗಳ ಮೇಲೆ ಒಂದು ಗಳಿಗೆ ನಿಂತು, ಆಚೆ ಹೋಯಿತು.

ಅಮ್ಮ ಮೆಟ್ಟಿಲಿಳಿದು ಬಂದಳು. "ಈ ಚಿಪ್ಪು ಯಾರು ಹಾಕಿದ್ದು?"

ನನ್ನ ಬಾಯಿ ತೆರೆಯಿತು. ಹೇಳಿದರೆ, ಯಾಕೆ ಹಾಕಿದೆ ಎನ್ನುವುದನ್ನೂ ಹೇಳಬೇಕು. ಅವನ ಮುಂದೆ, ಅಮ್ಮನ ಮುಂದೆ, ಬೇಲಿಯಾಚೆ ಕಿವಿ ನೆಟ್ಟಿದ್ದ ಚೋಲೆಂಗಳ ಮುಂದೆ. ನಾನು ನಾಚಿಕೆಯಿಂದ ತಲೆ ತಗ್ಗಿಸಿದೆ.

"ನನ್ನ ಕೈತಪ್ಪು," ಎಂದ ಸೆಲ್ಸೊ.

ಅಮ್ಮ ಅವನ ಕಡೆ ತಿರುಗಿದಳು. ಅವಳಿಗೂ ಅದು ಬೇಕಿರಲಿಲ್ಲ ಎನ್ನುವುದು ಮುಖದಲ್ಲಿ ಕಾಣುತ್ತಿತ್ತು. "ಮಾತು ಅಂದ್ರೆ ಮಾತು. ನಾಳೆಯಿಂದ ಬರಬೇಡಪ್ಪ."

ಅವನು ಕುಂಟಿಯನ್ನು ಬಾಳೆಗಿಡದ ಬುಡದಲ್ಲಿ ಹೂಳಿ, ಬೋಗುಣಿ ತೊಳೆದು ಬೋರಲು ಹಾಕಿ, ಬೇಲಿ ದಾಟಿ ಹೋದ.

ಮಧ್ಯಾಹ್ನ ಅಮ್ಮ ಹುಣಸೆ ಹಾಕಿದ ಮೀನಿನ ಸಾರು ಮಾಡಿದ್ದಳು. ಇಬ್ಬರೂ ತಿನ್ನಲಿಲ್ಲ. ನಾನು ಅನ್ನ ಕೆದಕುತ್ತ ಕುಳಿತಿದ್ದೆ. ಅವನು ಹೂಳುವಾಗ ಮಣ್ಣನ್ನು ಕೈಯಿಂದ ಒತ್ತಿ ಸಮ ಮಾಡಿದ್ದು ಕಣ್ಣ ಮುಂದೆ ಬರುತ್ತಿತ್ತು.

"ಅಮ್ಮಾ, ಹಾಕಿದ್ದು ನಾನು."

ಅಮ್ಮ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದಳು.

"ಹುಟ್ಟಿದಾಗಿಂದ ಬಾತು ಸಾಕಿದೋಳು ನೀನು! ಹೀಗಾಗುತ್ತೆ ಅಂತ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು."

"ಮತ್ತೆ ಯಾಕೇ?"

"ಕಾಯೋಕಾಗ್ಲಿಲ್ಲ."

ನಾನು ಅಷ್ಟು ಹೊತ್ತೂ ತಡೆದಿದ್ದ ಅಳು ತಟ್ಟೆಗೇ ಬಿತ್ತು.

"ನನ್ನ ಹತ್ರ ಅತ್ರೆ ಏನು ಬಂತು?" ಎಂದಳು ಅಮ್ಮ. "ಮೂರು ತಿಂಗಳಿಗೂ ಮೇಲೆ ಮೈ ಮುರಿದೋನು ಅವನು, ಹೋದ ಮಾನ ಅವನದು. ನಾನು ಅವನನ್ನ ಕಳಿಸಿದ್ದು ಓಣಿಗೆಲ್ಲಾ ಕೇಳಿದೆ. ಹೋಗಿ ನಾಲ್ಕು ಜನರ ಮುಂದೇನೇ ಹೇಳು. ಮುಖ ತೊಳ್ಕೊಂಡು ಹೋಗು."

ಹುಡುಗಿ ತಾನಾಗಿ ಗಂಡನ್ನು ಹುಡುಕಿಕೊಂಡು ಹೋಗುವುದು ನಮ್ಮಲ್ಲಿ ಇಲ್ಲ. ನಾನು ಹೋದೆ. ಅವನು ಚರ್ಚಿನ ಎದುರಿನ ನೂಡಲ್ಸ್ ಹೋಟೆಲಿನ ಬೆಂಚಿನಲ್ಲಿ ಕುಳಿತಿದ್ದ. ಅಕ್ಕಪಕ್ಕ ಬಾಡಿಗೆಗೆ ಟ್ರೈಸಿಕಲ್ ಓಡಿಸುವ ನಾಲ್ಕೈದು ಜನ. ನನ್ನನ್ನು ಕಂಡವನೇ ಬಾಯಿ ತುಂಬ ನೂಡಲ್ಸ್ ಇಟ್ಟುಕೊಂಡು ಎದ್ದು ನಿಂತ.

"ಕೂತ್ಕೊಳ್ಳಿ, ನುಂಗಿ," ಎಂದೆ. "ನಾನು ಹೇಳೋದು ಎಲ್ಲರಿಗೂ ಕೇಳ್ಲಿ. ಆ ಬಾತನ್ನ ಕೊಂದಿದ್ದು ನಾನು. ದಿನಾ ಮಧ್ಯಾಹ್ನ ಕದ್ದು ಸೀಗಡಿ, ಚಿಪ್ಪು ಹಾಕಿದ್ದು ನಾನು. ಮೊಟ್ಟೆ ಬೇಗ ಬರಲಿ ಅಂತ. ನೀವು ಬೇಗ ನಮ್ಮನೆಗೆ ದೊಡ್ಡೋರನ್ನ ಕರ್ಕೊಂಡು ಬರಲಿ ಅಂತ."

ಟ್ರೈಸಿಕಲ್‌ನವರ ಚಮಚಗಳು ಗಾಳಿಯಲ್ಲೇ ನಿಂತವು. ಸೆಲ್ಸೊ ನುಂಗಿದ. ನೀರು ಕುಡಿದ.

"ಗೊತ್ತಿತ್ತು," ಎಂದ. "ನಿಮ್ಮ ಬೆರಳಲ್ಲಿ ಚಿಪ್ಪು ತಾಗಿದ ಗೀರುಗಳಿದ್ವು. ನಿಮ್ಮ ಬಾತುಗಳಿಗೆ ಜಜ್ಜೋದಕ್ಕಿಂತ ಹೆಚ್ಚು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ, ನೀವು ಕೊಡಬೇಕಾದ ಉತ್ತರಾನ ನಾನೇ ನಿಮ್ಮಮ್ಮನಿಗೆ ಕೊಟ್ಟ ಹಾಗಾಗ್ತಿತ್ತು. ನಿಮ್ಮ ಮಾತನ್ನ ನಿಮ್ಮ ಬಾಯಿಂದ ಕಿತ್ಕೊಂಡು ಗೆಲ್ಲೋದು ನನಗೆ ಬೇಕಿರ್ಲಿಲ್ಲ."

ಅವನ ಎದುರಿನ ಬೆಂಚಿನಲ್ಲಿ ಕುಳಿತೆ.

"ಅವಸರ ಇಲ್ಲ ಅಂದ್ರಲ್ಲ ನೀವು," ಎಂದೆ. ಧ್ವನಿ ಸಣ್ಣದಾಗಿತ್ತು.

"ಬಾತುಗಳಿಗೆ ಅವಸರ ಇಲ್ಲ ಅಂದೆ. ನನಗೆ ಇಲ್ಲ ಅಂದ್ನಾ?" ಅವನ ಕಿವಿ ಕೆಂಪಾಯಿತು. ಆಮೇಲೆ ಮುಖ ಬಿಗಿಯಾಯಿತು. "ಆದ್ರೆ ನಿಮ್ಮ ಮೇಲೆ ನನಗೆ ಸಿಟ್ಟಿದೆ. ಅದನ್ನ ಮುಚ್ಚಿಡಲ್ಲ. ಕುಂಟಿ ನನ್ನ ಕೈಯಲ್ಲಿ ಸತ್ತಿತು."

"ಎಷ್ಟು ದಿನ ಇರುತ್ತೆ ಸಿಟ್ಟು?"

"ಒಂದು ವಾರ ಆಗಬಹುದು."

"ಕಾಯ್ತೀನಿ," ಎಂದೆ.

ಪಕ್ಕದಲ್ಲಿದ್ದ ಟ್ರೈಸಿಕಲ್‌ನವನೊಬ್ಬ ಚಮಚ ಕೆಳಗಿಟ್ಟು, "ಇನ್ನೊಂದು ಪ್ಲೇಟ್ ತಗೊಂಬಾಮ್ಮಾ, ಈ ಹುಡುಗಿ ಏನೂ ತಿಂದ ಹಾಗಿಲ್ಲ," ಎಂದು ಹೋಟೆಲಿನವಳನ್ನು ಕೂಗಿದ.

ಸಂಜೆ ಅಮ್ಮ ತಾನೇ ಫೀಡ್ ಅಂಗಡಿಗೆ ಹೋಗಿ, ನಾಳೆ ಆರು ಗಂಟೆಗೆ ಬಾ, ತೌಡು ನೆನೆಸಿಟ್ಟಿರ್ತೀನಿ ಎಂದು ಹೇಳಿ ಬಂದಳು. ಮೂವತ್ತೊಂಬತ್ತು ಬಾತುಗಳು ಮತ್ತೆ ತೌಡು ಸೊಪ್ಪಿಗೆ ಇಳಿದವು. ಅವು ಮೊಟ್ಟೆಗೆ ಬಂದದ್ದು ಆಮೇಲೆ, ತಮ್ಮ ಹೊತ್ತಿಗೆ.

ಆ ವಾರ ಸೆಲ್ಸೊ ದಿನವೂ ಬಂದ. ಮೇವು ಹಾಕಿದ, ನೀರು ಬದಲಿಸಿದ, ಹೋದ. ನನ್ನ ಜೊತೆ ಮಾತಿಲ್ಲ, ಬಾತುಗಳ ಜೊತೆಯೂ ಮಾತಿಲ್ಲ. ನಾನು ಕಿಟಕಿಯಲ್ಲಿ ನಿಂತು ನನ್ನ ಕೆಲಸ ಮಾಡಿಕೊಂಡೆ. ನನ್ನ ಜೀವನದಲ್ಲಿ ಅಷ್ಟು ಉದ್ದದ ವಾರ ಇನ್ನೊಂದಿಲ್ಲ. ಆದರೂ ಒಂದು ದಿನವೂ ಅವನನ್ನು ಅವಸರಪಡಿಸಲಿಲ್ಲ.

ಎಂಟನೆಯ ಬೆಳಿಗ್ಗೆ ಅವನು ಮೂರೂ ಹಿಂಡಿನ ಮೇವನ್ನು ಎರಡು ಹಿಡಿಯ ದೊಡ್ಡ ಕೊಪ್ಪರಿಗೆಯಲ್ಲಿ ಕಲಸಿಟ್ಟುಕೊಂಡಿದ್ದ, ನುಚ್ಚು, ತೌಡು, ಸೊಪ್ಪು ಮಾತ್ರ. ಚಿಪ್ಪು ಸೀಗಡಿಯ ಬುಟ್ಟಿ ಬೇರೆಯೇ ಇತ್ತು. ಒಂದು ಹಿಡಿಯನ್ನು ತಾನು ಹಿಡಿದು, ಕಿಟಕಿಯ ಕಡೆ ತಿರುಗಿದ.

"ದೆಲ್ಫಿನಾ, ಬಾ. ಆ ಕಡೆ ಹಿಡಿ, ಒಬ್ಬನಿಗೆ ಭಾರ."

ಮೆಟ್ಟಿಲ ಮೇಲಿದ್ದ ಅಮ್ಮ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದಳು. ನಾನು ಚಪ್ಪಲಿಯನ್ನೂ ಮೆಟ್ಟದೆ ಹಿತ್ತಲಿಗೆ ಓಡಿದೆ.